ಕೆಲಸ ಬಿಡುವ ಮುನ್ನ: ಸಂಬಳ, ಬೆಳವಣಿಗೆ ಮತ್ತು ಮನ್ನಣೆ

ದೇಶದ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲಾಭನಷ್ಟದ ವಿವರದ ಜೊತೆಗೆ ಇನ್ನೊಂದು ಅಂಕಿಯನ್ನೂ ಪ್ರಕಟಿಸುತ್ತವೆ. ಹಿಂದಿನ 12 ತಿಂಗಳಲ್ಲಿ ಸ್ವಇಚ್ಛೆಯಿಂದ ಕೆಲಸ ಬಿಟ್ಟವರು ಒಟ್ಟು ನೌಕರರಲ್ಲಿ ಶೇಕಡ ಎಷ್ಟು ಎಂಬುದನ್ನು ಹೇಳುವ ಈ ಅಂಕಿಗೆ ಅಟ್ರಿಷನ್ ದರ ಎಂದು ಹೆಸರು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇನ್ಫೋಸಿಸ್‌ನಲ್ಲಿ ಅದು 2022ರ ಜೂನ್ ತ್ರೈಮಾಸಿಕದಲ್ಲಿ ಶೇ. 28.4 ಇತ್ತು, 2024ರ ಮಾರ್ಚ್ ಹೊತ್ತಿಗೆ ಶೇ. 12.6ಕ್ಕೆ ಇಳಿದಿತ್ತು. ಎರಡು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ನೌಕರರ ಮನಸ್ಸು ಇಷ್ಟು ತಿಳಿಯಾಯಿತೆಂದು ನಂಬಲು ಕಾರಣವಿಲ್ಲ. ಹೊರಗೆ ಕೆಲಸ ಸಿಗುತ್ತಿದ್ದಾಗ ರಾಜೀನಾಮೆಯಾಗಿ ಹೊರಬಿದ್ದ ಅತೃಪ್ತಿಯ ಬಹುಭಾಗ ಹೊರಗಿನ ಬಾಗಿಲು ಮುಚ್ಚಿದಾಗ ಒಳಗೇ ಉಳಿಯಿತು ಎನ್ನುವುದು ಹೆಚ್ಚು ಸರಿ. ಕೆಲಸ ಬಿಡುವ ನಿರ್ಧಾರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಹೆಣೆದುಕೊಂಡಿರುತ್ತವೆಂದು ಅಮೆರಿಕದ ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ ಸಂಸ್ಥೆಗಳ ಸ್ವರೂಪವನ್ನು ಕುರಿತು 1958ರಲ್ಲಿ ಬರೆದ ಗ್ರಂಥದಲ್ಲಿ ತೋರಿಸಿದ್ದರು. ಬಿಡಬೇಕೆನಿಸುತ್ತದೆಯೇ ಎಂಬುದು ಮೊದಲನೆಯದು. ಬಿಡುವುದು ಸುಲಭವೇ ಎಂಬುದು ಎರಡನೆಯದು. ಕೆಲಸಗಳು ಹೇರಳವಾಗಿರುವ ಕಾಲದಲ್ಲಿ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ಮೊದಲನೆಯದಕ್ಕೂ ಉತ್ತರವೆಂದು ತಿಳಿದು ಎಷ್ಟೋ ಮಂದಿ ಹೊರಟುಬಿಡುತ್ತಾರೆ. ಕೆಲಸ ಸಿಗದ ಕಾಲದಲ್ಲಿ ತಮಗೆ ಯಾವ ಕೊರತೆಯೂ ಇಲ್ಲವೆಂದು ಮನಸ್ಸನ್ನು ಒಪ್ಪಿಸಿ ಕೂರುತ್ತಾರೆ. ಎರಡರಲ್ಲೂ ನಷ್ಟವಾಗುವುದು ಅವರಿಗೇ.

ಬೆಂಗಳೂರಿನ ದುಡಿಮೆಯ ಇತಿಹಾಸವನ್ನು ತುಸು ಹಿಂದಕ್ಕೆ ಹೋಗಿ ನೋಡಿದರೆ ಈ ಮಾತಿನ ಇನ್ನೊಂದು ಮುಖ ಕಾಣುತ್ತದೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಒಂದರ ಹಿಂದೊಂದು ದೊಡ್ಡ ಕಾರ್ಖಾನೆಗಳು ಬಂದ ಈ ಊರಿನಲ್ಲಿ, ಕಾರ್ಖಾನೆಗೆ ಸೇರಿದವರು ಅಲ್ಲಿಂದಲೇ ನಿವೃತ್ತರಾಗುವುದು ರೂಢಿಯಾಗಿತ್ತು. ಕ್ವಾರ್ಟರ್ಸು, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಅಗ್ಗದ ಕ್ಯಾಂಟೀನು, ಹೊತ್ತಿಗೆ ಸರಿಯಾಗಿ ಬರುವ ಫ್ಯಾಕ್ಟರಿ ಬಸ್ಸು ಇವೆಲ್ಲ ಸಂಬಳದ ಚೀಟಿಯಲ್ಲಿ ಕಾಣದ ಸಂಬಳವೇ ಆಗಿದ್ದವು. ಹಾಗೆಂದು ಅಲ್ಲಿ ಅಸಮಾಧಾನ ಇರಲಿಲ್ಲವೆಂದಲ್ಲ. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದರು. ಬಿಎಚ್‌ಇಎಲ್ ಎಂಬ ಇನ್ನೊಂದು ಸಾರ್ವಜನಿಕ ಉದ್ದಿಮೆಯ ನೌಕರರಿಗೆ ಸಿಗುತ್ತಿದ್ದುದಕ್ಕೆ ಸಮನಾದ ವೇತನ ತಮಗೂ ಸಿಗಬೇಕೆಂಬುದು ಅವರ ಮುಖ್ಯ ಬೇಡಿಕೆ. ಅಂದು ಅತೃಪ್ತಿ ಎದುರಾದಾಗ ಅಲ್ಲೇ ನಿಂತು ಗಟ್ಟಿಯಾಗಿ ಕೇಳುವುದು ದಾರಿಯಾಗಿತ್ತು. ಇಂದು ಸದ್ದಿಲ್ಲದೆ ರೆಸ್ಯೂಮೆ ತಿದ್ದಿ ಕಳುಹಿಸುವುದು ದಾರಿಯಾಗಿದೆ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪುಸ್ತಕ ಈ ಎರಡು ದಾರಿಗಳ ಸಂಬಂಧವನ್ನೇ ಕುರಿತದ್ದು. ಸಂಸ್ಥೆಯೊಂದು ಹದಗೆಡತೊಡಗಿದಾಗ ಅದರಲ್ಲಿರುವವರ ಮುಂದೆ ನಿರ್ಗಮನ ಮತ್ತು ದನಿ ಎಂಬ ಎರಡು ಉಪಾಯಗಳಿರುತ್ತವೆ. ನಿರ್ಗಮನವೆಂದರೆ ಬಿಟ್ಟು ನಡೆಯುವುದು, ದನಿಯೆಂದರೆ ಒಳಗಿದ್ದುಕೊಂಡೇ ತಪ್ಪನ್ನು ಎತ್ತಿ ಹೇಳುವುದು. ನಿಷ್ಠೆಯೆಂಬ ಮೂರನೆಯ ಗುಣ ನಿರ್ಗಮನವನ್ನು ಸ್ವಲ್ಪ ಕಾಲ ತಡೆದು ದನಿಗೆ ಅವಕಾಶ ಮಾಡಿಕೊಡುತ್ತದೆ ಎಂಬುದು ಅವರ ವಿವರಣೆ. ನಿರ್ಗಮನ ತೀರಾ ಸುಲಭವಾದರೆ, ಗುಣಮಟ್ಟದ ಬಗ್ಗೆ ಹೆಚ್ಚು ಕಾಳಜಿಯುಳ್ಳವರೇ, ಅಂದರೆ ಬಾಯಿಬಿಟ್ಟು ಹೇಳಿ ಸಂಸ್ಥೆಯನ್ನು ತಿದ್ದಬಲ್ಲವರೇ ಎಲ್ಲರಿಗಿಂತ ಮೊದಲು ಹೊರಟುಹೋಗುತ್ತಾರೆ ಎಂಬ ಅವರ ಎಚ್ಚರಿಕೆ ಇಂದಿನ ಕಚೇರಿಗಳಿಗೆ ಹೊಂದುವಷ್ಟು ಬೇರಾವುದಕ್ಕೂ ಹೊಂದದು. ಕೆಲಸ ಬದಲಿಸುವ ವಿಚಾರವನ್ನು ಹೋಗುವುದೋ ಇರುವುದೋ ಎಂಬ ಎರಡೇ ತುದಿಗಳಲ್ಲಿ ನಿಲ್ಲಿಸಿದರೆ ನಡುವೆ ಇರುವ ಈ ದನಿಯ ದಾರಿ ಕಣ್ಣಿಗೇ ಬೀಳುವುದಿಲ್ಲ.

ದನಿಯೆತ್ತಿ ಕೇಳಬೇಕಾದರೆ ತನಗೆ ಕೊರತೆಯಾಗಿರುವುದು ಯಾವುದೆಂಬುದು ಮೊದಲು ಕೇಳುವವರಿಗೇ ಸ್ಪಷ್ಟವಿರಬೇಕು. ಸಂಬಳ, ಬೆಳವಣಿಗೆ, ಮನ್ನಣೆ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಅಭ್ಯಾಸವಾಗಿದ್ದರೂ ಇವು ಒಂದೇ ಜಾತಿಯ ವಸ್ತುಗಳಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಮಂದಿ ಎಂಜಿನಿಯರರನ್ನೂ ಲೆಕ್ಕಿಗರನ್ನೂ ಭೇಟಿಮಾಡಿ, ಕೆಲಸದಲ್ಲಿ ಅತಿ ಹೆಚ್ಚು ಸಂತೋಷವಾದ ಸಂದರ್ಭವೊಂದನ್ನೂ ಅತಿ ಹೆಚ್ಚು ಬೇಸರವಾದ ಸಂದರ್ಭವೊಂದನ್ನೂ ನೆನೆದು ಹೇಳುವಂತೆ ಕೇಳಿ, 1959ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಂತೋಷದ ಪ್ರಸಂಗಗಳಲ್ಲಿ ಸಾಧನೆ, ಮನ್ನಣೆ, ಜವಾಬ್ದಾರಿ, ಕೆಲಸದ ಸ್ವಾರಸ್ಯ ಮತ್ತೆ ಮತ್ತೆ ಬಂದವು. ಬೇಸರದ ಪ್ರಸಂಗಗಳಲ್ಲಿ ಕಂಪನಿಯ ನೀತಿ, ಮೇಲಧಿಕಾರಿಯ ನಡವಳಿಕೆ, ಸಂಬಳ ಹೆಚ್ಚಾಗಿ ಬಂದವು. ಸಂಬಳ ಕಡಿಮೆಯಾದರೆ ನೋವಾಗುತ್ತದೆ, ಆದರೆ ಹೆಚ್ಚಾದ ಮಾತ್ರಕ್ಕೆ ಕೆಲಸದಲ್ಲಿ ಹುರುಪು ಹುಟ್ಟುವುದಿಲ್ಲ ಎಂಬ ತೀರ್ಮಾನಕ್ಕೆ ಅವರು ಬಂದರು. ಒಳ್ಳೆಯದಾದಾಗ ತನ್ನ ಸಾಮರ್ಥ್ಯವನ್ನೂ ಕೆಟ್ಟದ್ದಾದಾಗ ಹೊರಗಿನ ಪರಿಸ್ಥಿತಿಯನ್ನೂ ಕಾರಣ ಮಾಡುವುದು ಮನುಷ್ಯಸ್ವಭಾವವಾದ್ದರಿಂದ ಈ ಫಲಿತಾಂಶ ಹಾಗೆ ಬಂದಿದೆ ಎಂಬ ಆಕ್ಷೇಪಣೆ ಆಮೇಲೆ ಬಲವಾಗಿ ಕೇಳಿಬಂತು, ಅದರಲ್ಲಿ ಹುರುಳೂ ಇದೆ. ಇಷ್ಟಾದರೂ ಒಂದು ಮಾತು ನಿಲ್ಲುತ್ತದೆ: ಮನ್ನಣೆಯ ಹಸಿವನ್ನು ಸಂಬಳದಿಂದ ತಣಿಸಹೊರಟವರಿಗೆ ಹೊಸ ಕಚೇರಿಯಲ್ಲಿ ಮೊದಲ ಕೆಲವು ತಿಂಗಳ ಸಂಬಳ ಕೈಸೇರಿದ ಮೇಲೆ ಹಳೆಯ ಅಸಮಾಧಾನವೇ ಮತ್ತೆ ಎದುರಾಗುತ್ತದೆ.

ಸಂಬಳವು ಮೂರರಲ್ಲಿ ಅತ್ಯಂತ ಸ್ಪಷ್ಟವಾದದ್ದು, ಅಂಕಿಯಲ್ಲಿ ಅಳೆಯಬಹುದಾದದ್ದು ಎಂಬ ನಂಬಿಕೆಯಿದೆ. ಆದರೆ ಆಫರ್ ಲೆಟರ್ ಎಂಬ ಕಾಗದವನ್ನು ಹತ್ತಿರದಿಂದ ಓದಿದರೆ ಆ ನಂಬಿಕೆ ಉಳಿಯುವುದಿಲ್ಲ. ಅದರಲ್ಲಿ ಎದ್ದುಕಾಣುವಂತೆ ಅಚ್ಚಾಗಿರುವ ಸಿಟಿಸಿ ಎಂಬ ಮೊತ್ತ ನೌಕರನ ಕೈಗೆ ಬರುವ ಹಣವಲ್ಲ. ಆ ನೌಕರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 12 ಲಕ್ಷ ರೂಪಾಯಿ ಸಿಟಿಸಿಯ ಕೆಲಸವೊಂದನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಅದರ ಅರ್ಧ, ಅಂದರೆ 6 ಲಕ್ಷ ಮೂಲವೇತನವಾಗಿದ್ದು, ಅದರ ಶೇ. 12ರಂತೆ 72,000 ರೂಪಾಯಿ ಕಂಪನಿಯ ಪಾಲಿನ ಭವಿಷ್ಯನಿಧಿಗೆ ಹೋಗುತ್ತದೆ. ಮೂಲವೇತನದ ಶೇ. 4.81ರಂತೆ 28,860 ರೂಪಾಯಿಯನ್ನು ಗ್ರಾಚ್ಯುಯಿಟಿ, ಅಂದರೆ ದೀರ್ಘ ಸೇವೆಗಾಗಿ ಕೆಲಸ ಬಿಡುವಾಗ ಕೊಡುವ ಹಣ ಎಂದು ತೋರಿಸಲಾಗುತ್ತದೆ. ಒಂದು ವರ್ಷದ ಸೇವೆಗೆ 15 ದಿನದ ವೇತನ ಎಂಬ ಕಾನೂನಿನ ಲೆಕ್ಕವನ್ನು ತಿಂಗಳಿಗೆ 26 ದಿನದಂತೆ ಭಾಗಿಸಿದರೆ ಈ ವಿಚಿತ್ರ ಶೇಕಡಾವಾರು ಬರುತ್ತದೆ. ಆರೋಗ್ಯವಿಮೆಯ ಕಂತು 15,000 ಎಂದಿರಲಿ. ವೇರಿಯಬಲ್ ಪೇ, ಅಂದರೆ ಕಂಪನಿಯ ಮತ್ತು ನೌಕರನ ಸಾಧನೆಯನ್ನು ನೋಡಿ ಕೊಡುವ, ಕೊಡದೆಯೂ ಇರಬಹುದಾದ ಭಾಗ ಶೇ. 10ರಂತೆ 1,20,000. ಇಷ್ಟನ್ನು ಕಳೆದರೆ ತಿಂಗಳಿಗೆ 80,345 ಉಳಿಯುತ್ತದೆ. ಅದರಲ್ಲಿ ನೌಕರನ ಪಾಲಿನ ಭವಿಷ್ಯನಿಧಿ 6,000 ಮತ್ತು ವೃತ್ತಿ ತೆರಿಗೆ 200 ಹೋಗಿ ಬ್ಯಾಂಕಿಗೆ ಜಮೆಯಾಗುವುದು 74,145 ರೂಪಾಯಿ.

ಇದೇ ನೌಕರನಿಗೆ ಬೇರೊಂದು ಕಂಪನಿ 16 ಲಕ್ಷಕ್ಕೆ ಆಹ್ವಾನ ಕೊಟ್ಟರೆ ಅದು ಶೇ. 33ರ ಹೈಕ್ ಎಂದು ಸ್ನೇಹಿತರ ನಡುವೆ ಸುದ್ದಿಯಾಗುತ್ತದೆ. ಹೊಸ ಕಂಪನಿಯಲ್ಲಿಯೂ ಮೂಲವೇತನ ಅರ್ಧದಷ್ಟೇ, ವಿಮೆಯ ಕಂತು ಮೊದಲಿನಷ್ಟೇ, ಆದರೆ ವೇರಿಯಬಲ್ ಭಾಗ ಶೇ. 20 ಎಂದಿಟ್ಟುಕೊಂಡರೆ, ಇದೇ ಕ್ರಮದಲ್ಲಿ ಲೆಕ್ಕ ಹಾಕಿದಾಗ ತಿಂಗಳಿಗೆ ಕೈಗೆ ಬರುವುದು ಆದಾಯ ತೆರಿಗೆಗೆ ಮುಂಚೆ 86,010 ರೂಪಾಯಿ. ಹೆಚ್ಚಳ ಸುಮಾರು ಶೇ. 16. ಮನೆಯಿಂದ ಕಚೇರಿಗೆ ನಡೆದು ಹೋಗುತ್ತಿದ್ದವರು ಹೊಸ ಕೆಲಸಕ್ಕಾಗಿ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೋ ಹೆಬ್ಬಾಳ ದಾಟಿ ಇನ್ನೊಂದು ತುದಿಗೋ ದಿನವೂ ಹೋಗಿಬರಬೇಕಾದರೆ, ಅಥವಾ ಅದನ್ನು ತಪ್ಪಿಸಲು ಮನೆ ಬದಲಿಸಿ ಹೊಸ ಅಡ್ವಾನ್ಸ್ ಕಟ್ಟಬೇಕಾದರೆ, ಆ ಶೇ. 16ರಲ್ಲಿಯೂ ಉಳಿಯುವುದೆಷ್ಟೆಂಬುದನ್ನು ಪ್ರತಿಯೊಂದು ಕುಟುಂಬವೂ ತನ್ನ ಲೆಕ್ಕದಲ್ಲೇ ನೋಡಬೇಕು. ಜಾಯಿನಿಂಗ್ ಬೋನಸ್ ಎಂದು ಕೊಡುವ ಹಣವನ್ನು ವರ್ಷ ತುಂಬುವ ಮುನ್ನ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತು ಅದೇ ಕಾಗದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವುದು ಸಾಮಾನ್ಯ. ಹಾಗೆಂದು ಹೈಕ್ ಎಂಬುದು ಬರೀ ಭ್ರಮೆಯೆಂದು ಹೇಳುವುದು ಅನ್ಯಾಯ. ಊರಿನಲ್ಲಿ ತಂದೆತಾಯಿಯರ ಔಷಧಿ ಖರ್ಚು, ತಂಗಿಯ ಓದು, ಹಳೆಯ ಸಾಲದ ಬಡ್ಡಿ ಇಷ್ಟನ್ನೂ ಒಬ್ಬರ ದುಡಿಮೆಯೇ ಹೊರುವ ಮನೆಯಲ್ಲಿ ತಿಂಗಳಿಗೆ 12,000 ರೂಪಾಯಿಯ ವ್ಯತ್ಯಾಸ ಸಣ್ಣದಲ್ಲ, ಅದಕ್ಕಾಗಿ ಕೆಲಸ ಬದಲಿಸಿದವರನ್ನು ಹಣದಾಸೆಯವರೆಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಈ ಲೆಕ್ಕದ ಇನ್ನೊಂದು ಬದಿಯಲ್ಲಿ, ಬಿಟ್ಟು ಹೋಗುವಾಗ ಬಿಟ್ಟುಕೊಡಬೇಕಾದ ಹಣವಿದೆ. 1972ರ ಗ್ರಾಚ್ಯುಯಿಟಿ ಕಾಯ್ದೆಯ ಪ್ರಕಾರ ಸತತ ಐದು ವರ್ಷ ಸೇವೆ ಸಲ್ಲಿಸಿದವರಿಗೆ ಮಾತ್ರ ಈ ಹಣದ ಹಕ್ಕು ಬರುತ್ತಿತ್ತು. ನಾಲ್ಕು ಸಂಹಿತೆಗಳಾಗಿ ಮರುರೂಪಗೊಂಡು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನು ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯುವವರಿಗೆ ಇದನ್ನು ಒಂದು ವರ್ಷಕ್ಕೆ ಇಳಿಸಿದೆಯಾದರೂ ಕಾಯಂ ನೌಕರರ ಮಟ್ಟಿಗೆ ಐದು ವರ್ಷದ ನಿಯಮವನ್ನೇ ಉಳಿಸಿಕೊಂಡಿದೆ. ತಿಂಗಳಿಗೆ 50,000 ಮೂಲವೇತನವಿರುವವರು ಐದು ವರ್ಷ ಮುಗಿಸಿದರೆ ಸಿಗುವುದು ಸುಮಾರು 1,44,000 ರೂಪಾಯಿ. ನಾಲ್ಕೂವರೆ ವರ್ಷಕ್ಕೆ ಬಿಟ್ಟರೆ ಸೊನ್ನೆ. ಐದನೆಯ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕೆಂದು ಮದ್ರಾಸ್ ಉಚ್ಚ ನ್ಯಾಯಾಲಯ ಹೇಳಿದ್ದುಂಟು, ಆದರೆ ಎಲ್ಲ ಕಂಪನಿಗಳೂ ಅದನ್ನು ತಾವಾಗಿ ಒಪ್ಪಿ ಹಣ ಕೊಡುತ್ತವೆಂದು ನಂಬಿ ರಾಜೀನಾಮೆ ಬರೆಯುವುದು ಜಾಣತನವಲ್ಲ. ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸುವವರ ಸಿಟಿಸಿಯಲ್ಲಿ ವರ್ಷವೂ ಎಣಿಕೆಯಾಗುವ ಆ ಶೇ. 4.81 ಅವರ ಕೈಗೆ ಒಮ್ಮೆಯೂ ಬರುವುದಿಲ್ಲ. ಭವಿಷ್ಯನಿಧಿಯ ವಿಷಯ ಹಾಗಲ್ಲ. ಅದನ್ನು ತೆಗೆಯದೆ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಂಡರೆ ಸೇವೆಯ ವರ್ಷಗಳು ಕೂಡಿಕೊಳ್ಳುತ್ತವೆ, ಹತ್ತು ವರ್ಷ ತುಂಬಿದರೆ 1995ರ ಪಿಂಚಣಿ ಯೋಜನೆಯ ಸದಸ್ಯರಿಗೆ ಮಾಸಿಕ ಪಿಂಚಣಿಗೂ ಅರ್ಹತೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಆಫರ್ ಲೆಟರ್ ಕೈಯಲ್ಲಿ ಹಿಡಿದವರ ಮಾತು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳೂ ಕೆಲಸ ಬದಲಿಸುತ್ತಾರೆ. ಅವರ ಲೆಕ್ಕವನ್ನು ಉದ್ಯೋಗ ಸಲಹೆಯ ಪುಸ್ತಕಗಳು ಮಾಡಿಲ್ಲ. ಹೆಲ್ಪರ್ ಆಗಿ ಸೇರಿದವರು ಹೊಲಿಗೆ ಯಂತ್ರದ ಮುಂದೆ ಕುಳಿತು ಟೈಲರ್ ಆಗುವುದು ಅಲ್ಲಿನ ಬೆಳವಣಿಗೆ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಮುಟ್ಟಿದಾಗ ಸೂಪರ್‌ವೈಸರ್ ಬಾಯಿಂದ ಬೈಗುಳ ಕೇಳದಿರುವುದೇ ಅಲ್ಲಿ ಎಷ್ಟೋ ದಿನ ಮನ್ನಣೆಯ ಸ್ಥಾನದಲ್ಲಿ ನಿಲ್ಲುತ್ತದೆ ಎಂಬುದು ನೋವಿನ ಸಂಗತಿ. ಕನಿಷ್ಠ ವೇತನದ ಆಸುಪಾಸಿನಲ್ಲೇ ಎಲ್ಲ ಕಾರ್ಖಾನೆಗಳೂ ಸಂಬಳ ಕೊಡುವಾಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದರಿಂದ ತಿಂಗಳ ಸಂಬಳದಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲ, ಆದರೂ ಬಿಡುತ್ತಾರೆ. ಮಗಳ ಮದುವೆಗೋ ಮನೆಯ ರಿಪೇರಿಗೋ ಆಸ್ಪತ್ರೆಯ ಖರ್ಚಿಗೋ ಕೈಗೆ ಸಿಗಬಹುದಾದ ಒಂದೇ ದೊಡ್ಡ ಮೊತ್ತ ಪಿಎಫ್, ಅಂದರೆ ಭವಿಷ್ಯನಿಧಿಯ ಹಣವಾದ್ದರಿಂದ, ಅದನ್ನು ತೆಗೆಯಲೆಂದೇ ರಾಜೀನಾಮೆ ಕೊಟ್ಟು ಮತ್ತೆ ಬೇರೆಡೆ ಹೊಸಬರಾಗಿ ಸೇರುವವರಿದ್ದಾರೆ. ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂದು ಆದೇಶ ಹೊರಡಿಸಿದಾಗ ಆ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೆದ್ದಾರಿಗಳನ್ನು ತುಂಬಿದವರು ಬಹುಮಟ್ಟಿಗೆ ಈ ಹೆಣ್ಣುಮಕ್ಕಳೇ, ಎರಡನೆಯ ದಿನವೇ ಆದೇಶ ಹಿಂದಕ್ಕೆ ಹೋಯಿತು. ಕೆಲಸ ಬಿಡುವ ಹಕ್ಕು ಮತ್ತು ಬಿಟ್ಟಾಗ ಕೈಗೆ ಬರುವ ಹಣ ಕೆಳಗಿನ ಮೆಟ್ಟಿಲಲ್ಲಿರುವವರ ಬದುಕಿನಲ್ಲಿ ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಈಚಿನ ಕರ್ನಾಟಕದಲ್ಲಿ ಸಿಗದು.

ಬೆಳವಣಿಗೆಯ ಪ್ರಶ್ನೆಯನ್ನು ಹುದ್ದೆಯ ಹೆಸರಿನಿಂದ ಅಳೆಯುವುದು ಸಾಮಾನ್ಯವಾದರೂ ಅದು ಮೋಸಹೋಗುವ ಅಳತೆ. ಒಂದು ಕಂಪನಿಯ ಸೀನಿಯರ್ ಎಂಜಿನಿಯರ್ ಇನ್ನೊಂದರಲ್ಲಿ ಲೀಡ್ ಎನಿಸಿಕೊಂಡು ಅದೇ ಕೆಲಸವನ್ನು ಮಾಡುತ್ತಿರಬಹುದು. ಗ್ಯಾರಿ ಬೆಕರ್ 1964ರಲ್ಲಿ ಮಾನವ ಬಂಡವಾಳವನ್ನು ಕುರಿತ ಗ್ರಂಥದಲ್ಲಿ ಮಾಡಿದ ಒಂದು ವಿಂಗಡಣೆ ಇಲ್ಲಿ ಹೆಚ್ಚು ಉಪಯುಕ್ತ. ಮಾನವ ಬಂಡವಾಳವೆಂದರೆ ಓದು, ತರಬೇತಿ, ಅನುಭವಗಳಿಂದ ವ್ಯಕ್ತಿಯಲ್ಲಿ ಕೂಡಿಬರುವ ದುಡಿಯುವ ಶಕ್ತಿ. ಅದರಲ್ಲಿ ಎಲ್ಲಿ ಹೋದರೂ ಬೆಲೆಯಿರುವ ಸಾಮಾನ್ಯ ಕೌಶಲ ಒಂದು. ಈ ಕಂಪನಿಯ ಯಂತ್ರ, ಗ್ರಾಹಕರು, ಫೈಲುಗಳ ಓಡಾಟ, ಯಾವ ಕೆಲಸ ಯಾರಿಂದ ಆಗುತ್ತದೆ ಎಂಬ ತಿಳಿವಳಿಕೆ ಇವುಗಳಿಂದಾದ, ಇಲ್ಲಿ ಮಾತ್ರ ಬೆಲೆಯಿರುವ ವಿಶಿಷ್ಟ ಕೌಶಲ ಇನ್ನೊಂದು. ಸಾಮಾನ್ಯ ಕೌಶಲ ಬೆಳೆಯುತ್ತಿರುವವರೆಗೆ ಸಂಬಳ ತುಸು ಕಡಿಮೆಯಿದ್ದರೂ ಕಾಯುವುದರಲ್ಲಿ ಅರ್ಥವಿದೆ, ಏಕೆಂದರೆ ಆ ಕಾಯುವಿಕೆಯ ಪ್ರತಿಫಲ ನೌಕರನ ಜೊತೆಯಲ್ಲೇ ಹೋಗುತ್ತದೆ. ಕಳೆದ ಎರಡು ವರ್ಷದಲ್ಲಿ ಕಲಿತದ್ದೆಲ್ಲ ಆ ಒಂದು ಕಂಪನಿಯ ಹಳೆಯ ವ್ಯವಸ್ಥೆಯನ್ನು ನಡೆಸಿಕೊಂಡು ಹೋಗುವ ಉಪಾಯಗಳೇ ಆಗಿದ್ದರೆ, ಪ್ರಮೋಷನ್ ಸಿಕ್ಕಿದ್ದರೂ ಬೆಳವಣಿಗೆ ನಿಂತಿದೆಯೆಂದೇ ತಿಳಿಯಬೇಕು. ಮೂರು ಕೊರತೆಗಳಲ್ಲಿ ಹೊರಡಲು ಅತ್ಯಂತ ಗಟ್ಟಿಯಾದ ಕಾರಣ ಇದು. ಕಡಿಮೆ ಸಂಬಳವನ್ನು ಒಂದು ವರ್ಷದ ಹೈಕ್ ಸರಿಪಡಿಸಬಹುದು, ಕಲಿಯಬೇಕಾದ ವಯಸ್ಸಿನಲ್ಲಿ ಕಲಿಯದೆ ಕಳೆದ ಐದು ವರ್ಷಗಳನ್ನು ಮಾತ್ರ ಯಾವ ಕಂಪನಿಯೂ ಹಿಂದಿರುಗಿಸದು.

ಮನ್ನಣೆಯ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಅಮೆರಿಕದ ಮನೋವಿಜ್ಞಾನಿ ಸ್ಟೇಸಿ ಆಡಮ್ಸ್ 1960ರ ದಶಕದಲ್ಲಿ ರೂಪಿಸಿದ ಸಮತೆಯ ಸಿದ್ಧಾಂತದ ಪ್ರಕಾರ ದುಡಿಯುವವರು ತಮ್ಮ ಶ್ರಮಕ್ಕೂ ಪ್ರತಿಫಲಕ್ಕೂ ಇರುವ ಪ್ರಮಾಣವನ್ನು ಒಂಟಿಯಾಗಿ ನೋಡುವುದಿಲ್ಲ. ತಮಗೆ ಹೋಲಿಕೆಯೆನಿಸಿದ ಇನ್ನೊಬ್ಬರ ಪ್ರಮಾಣದ ಪಕ್ಕದಲ್ಲಿಟ್ಟು ನೋಡುತ್ತಾರೆ. ಬಿಎಚ್‌ಇಎಲ್ ವೇತನಕ್ಕಾಗಿ ನಡೆದ 77 ದಿನದ ಮುಷ್ಕರವನ್ನು ಹೊಟ್ಟೆಪಾಡಿನ ಮಾತೊಂದರಿಂದಲೇ ವಿವರಿಸಲಾಗದು, ಅದರಲ್ಲಿ ಸಮಾನರನ್ನು ಸಮಾನರಾಗಿ ಕಾಣಬೇಕೆಂಬ ಹಟವೂ ಇತ್ತು. ಹೀಗಾಗಿ ಮನ್ನಣೆಯ ಕೊರತೆ ಬಹಳ ಸಲ ಸಂಬಳದ ಭಾಷೆಯಲ್ಲಿ ಮಾತನಾಡುತ್ತದೆ. ಮೂರು ವರ್ಷ ರಾತ್ರಿ ಹಗಲೆನ್ನದೆ ಒಂದು ಪ್ರಾಜೆಕ್ಟನ್ನು ಹೊತ್ತವರ ಪಕ್ಕದ ಮೇಜಿಗೆ ಹೊಸಬರೊಬ್ಬರು ಹೆಚ್ಚಿನ ಸಂಬಳಕ್ಕೆ ಬಂದು ಕುಳಿತು, ಕೆಲಸವನ್ನು ಹಳಬರಿಂದಲೇ ಕಲಿಯತೊಡಗಿದಾಗ ಆಗುವ ನೋವು ರೂಪಾಯಿಯ ವ್ಯತ್ಯಾಸದ್ದಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂದು ಕನ್ನಡಿಗರು ಎಂದಿನಿಂದಲೂ ಹೇಳುತ್ತ ಬಂದಿರುವುದನ್ನು ಅಂಕಿಯಲ್ಲಿ ತೋರಿಸಿದ ಅಧ್ಯಯನವೊಂದಿದೆ. ಮ್ಯಾಥ್ಯೂ ಬಿಡ್‌ವೆಲ್ ಎಂಬ ವಿದ್ವಾಂಸರು ಹೂಡಿಕೆ ಬ್ಯಾಂಕೊಂದರ ಅಮೆರಿಕದ ವಿಭಾಗದ ಸಿಬ್ಬಂದಿ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಪ್ರಕಾರ, ಒಂದೇ ಬಗೆಯ ಹುದ್ದೆಗೆ ಒಳಗಿನಿಂದ ಬಡ್ತಿ ಪಡೆದು ಬಂದವರಿಗಿಂತ ಹೊರಗಿನಿಂದ ಬಂದವರಿಗೆ ಸುಮಾರು ಶೇ. 18ರಷ್ಟು ಹೆಚ್ಚು ಸಂಬಳ ಸಿಗುತ್ತಿತ್ತು; ಮೊದಲ ಎರಡು ವರ್ಷ ಅವರ ಕೆಲಸದ ಮೌಲ್ಯಮಾಪನ ಮಾತ್ರ ಒಳಗಿನವರದ್ದಕ್ಕಿಂತ ಕೆಳಗಿತ್ತು. ಹೊರಗಿನವರ ಅರ್ಹತೆ ಕಾಗದದ ಮೇಲೆ ಎದ್ದು ಕಾಣುತ್ತದೆ, ಒಳಗಿನವರ ಅರ್ಹತೆ ದಿನನಿತ್ಯದ ಕೆಲಸದಲ್ಲಿ ಕರಗಿಹೋಗಿರುತ್ತದೆ. ಹೊರಗಿನ ಆಫರ್ ಲೆಟರನ್ನು ತಂದು ಮೇಜಿನ ಮೇಲಿಟ್ಟ ಮೇಲೆಯೇ ನೌಕರರೊಬ್ಬರ ಬೆಲೆ ತಿಳಿಯಿತೆಂದು ಕೌಂಟರ್ ಆಫರ್, ಅಂದರೆ ತಡೆದು ನಿಲ್ಲಿಸಲು ಹೆಚ್ಚಿಸಿ ಕೊಡುವ ಸಂಬಳ, ಮುಂದಿಡುವ ಮೇಲಧಿಕಾರಿಗಳು ತಮ್ಮ ಅಧೀನದ ಉಳಿದವರಿಗೆಲ್ಲ ಏನು ಕಲಿಸುತ್ತಿದ್ದಾರೆಂಬುದನ್ನು ಯೋಚಿಸಬೇಕು: ಇಲ್ಲಿ ಮನ್ನಣೆ ಬೇಕಾದವರು ಮೊದಲು ಹೊರಡುವ ಬೆದರಿಕೆ ಹಾಕಬೇಕು ಎಂದು. ಹಾಗೆ ನಿಂತವರ ಕೊರತೆ ಸಂಬಳದ್ದೇ ಆಗಿದ್ದರೆ ನಿಂತದ್ದು ಸಾರ್ಥಕವಾದೀತು. ಮನ್ನಣೆಯದಾಗಿದ್ದರೆ ಆ ಹೆಚ್ಚಳವು ಹಿಂದಿನ ವರ್ಷಗಳಲ್ಲೂ ಕೊಡಬಹುದಾಗಿತ್ತು, ಕೊಡಲಿಲ್ಲ ಎಂಬುದಕ್ಕೆ ಲಿಖಿತ ಪುರಾವೆಯಾಗಿ ಉಳಿಯುತ್ತದೆ.

ಹೊರಡುವವರೂ ಒಂದು ಮಾತನ್ನು ಗಮನಿಸಬೇಕು. ಸಂಬಳ ಆಫರ್ ಲೆಟರಿನಲ್ಲಿ ಬರೆದುಕೊಂಡು ಬರುತ್ತದೆ, ಮನ್ನಣೆ ಹಾಗೆ ಬರುವುದಿಲ್ಲ. ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ಮತ್ತು ಸಂಗಡಿಗರು ವಾಲ್ ಸ್ಟ್ರೀಟ್‌ನ 1,052 ಮಂದಿ ಹೆಸರಾಂತ ಷೇರು ವಿಶ್ಲೇಷಕರ 1988ರಿಂದ 1996ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ, ಕಂಪನಿ ಬದಲಿಸಿದವರ ಸಾಧನೆ ಸರಾಸರಿ ಶೇ. 20ರಷ್ಟು ಕುಸಿದದ್ದೂ ಐದು ವರ್ಷವಾದರೂ ಮೊದಲಿನ ಮಟ್ಟಕ್ಕೆ ಮರಳದಿದ್ದದ್ದೂ ಕಂಡುಬಂತು. ತಮ್ಮ ಪ್ರತಿಭೆಯೆಂದು ಅವರು ತಿಳಿದಿದ್ದರಲ್ಲಿ ಹಳೆಯ ಕಂಪನಿಯ ಸಹೋದ್ಯೋಗಿಗಳ ನೆರವು, ಮಾಹಿತಿಯ ವ್ಯವಸ್ಥೆ, ವರ್ಷಗಳಿಂದ ಕೂಡಿಬಂದ ನಂಬಿಕೆ ಇವುಗಳ ಪಾಲು ದೊಡ್ಡದಿತ್ತು. ಒಂಟಿಯಾಗಿ ಹೋಗದೆ ತಮ್ಮ ತಂಡದೊಡನೆ ಹೋದವರಿಗೆ ಈ ಪೆಟ್ಟು ಅಷ್ಟಾಗಿ ತಾಗಲಿಲ್ಲ. ಹೊಸ ಕಚೇರಿಯಲ್ಲಿ ಯಾರೂ ಹಿಂದಿನ ಸಾಧನೆಯನ್ನು ಕಂಡಿಲ್ಲವಾದ್ದರಿಂದ ಮನ್ನಣೆಯ ಖಾತೆ ಅಲ್ಲಿ ಹೊಸದಾಗಿಯೇ ಆರಂಭವಾಗುತ್ತದೆ. ಅದಕ್ಕೆ ಒಂದೆರಡು ವರ್ಷ ಬೇಕೆಂದು ಮೊದಲೇ ತಿಳಿದು ಹೋಗುವವರಿಗೆ ಆರು ತಿಂಗಳಿಗೇ ನಿರಾಸೆಯಾಗುವುದಿಲ್ಲ.

ಆದ್ದರಿಂದ ಕೊರತೆ ಮನ್ನಣೆಯದೆಂದು ತೋರಿದರೆ ಹಿರ್ಷ್‌ಮನ್ ಹೇಳಿದ ದನಿಯನ್ನು ಮೊದಲು ಬಳಸಿ ನೋಡುವುದೇ ವಿವೇಕ. ವರ್ಷದ ಕೊನೆಯ ಅಪ್ರೈಸಲ್ ಸಭೆ ಅದಕ್ಕೆ ಸರಿಯಾದ ಜಾಗವಲ್ಲ, ಏಕೆಂದರೆ ಅಷ್ಟರಲ್ಲಿ ರೇಟಿಂಗುಗಳು ತೀರ್ಮಾನವಾಗಿ ಹಣ ಹಂಚಿಕೆಯಾಗಿರುತ್ತದೆ. ಅದಕ್ಕೆ ನಾಲ್ಕೈದು ತಿಂಗಳು ಮೊದಲು, ಮಾಡಿದ ಕೆಲಸವನ್ನು ಬರೆದಿಟ್ಟುಕೊಂಡು, ಮುಂದಿನ ಹುದ್ದೆಗೆ ಇನ್ನೇನು ಬೇಕೆಂದು ನೇರವಾಗಿ ಕೇಳಿ, ಸಿಕ್ಕ ಉತ್ತರವನ್ನು ಇಮೇಲಿನಲ್ಲಿ ದಾಖಲಿಸುವುದರಿಂದ ಎರಡು ಲಾಭಗಳಿವೆ. ಕೇಳಿದ್ದು ಸಿಕ್ಕರೆ ಬಿಡುವ ಅಗತ್ಯವೇ ಬೀಳುವುದಿಲ್ಲ. ಸಿಗದಿದ್ದರೆ ಹೊರಡುವ ನಿರ್ಧಾರ ಊಹೆಯ ಮೇಲಲ್ಲದೆ ಅನುಭವದ ಮೇಲೆ ನಿಲ್ಲುತ್ತದೆ. ಮೇಲಧಿಕಾರಿಯ ಎದುರು ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಜಂಬವೆಂದು ಕಲಿಸಿದ ಮನೆಗಳಿಂದ, ಅದರಲ್ಲೂ ಸಣ್ಣ ಊರುಗಳಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಕಷ್ಟವೆಂಬುದು ನಿಜ. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತಾಡಬಲ್ಲವರ ಸಾಧಾರಣ ಕೆಲಸ ಸಭೆಯಲ್ಲಿ ಮೆರೆದು, ಇವರ ಅಚ್ಚುಕಟ್ಟಾದ ಕೆಲಸ ಮೂಲೆಯಲ್ಲೇ ಉಳಿಯುವುದು ಬೆಂಗಳೂರಿನ ಕಚೇರಿಗಳಲ್ಲಿ ದಿನವೂ ನಡೆಯುವ ಅನ್ಯಾಯ. ಇದನ್ನು ಸರಿಪಡಿಸುವ ಹೊಣೆ ಮೇಲಧಿಕಾರಿಗಳದ್ದೇ, ಆದರೆ ಅವರು ಸರಿಪಡಿಸುವವರೆಗೆ ಬಾಯಿಬಿಡದೆ ಕೂರುವುದೂ ತರವಲ್ಲ.

ನಿರ್ಧಾರ ಗಟ್ಟಿಯಾದ ಮೇಲೆ ಉಳಿಯುವುದು ಕಾನೂನಿನ ಮಾತು. ವ್ಯಾಪಾರ ವೃತ್ತಿಗಳನ್ನು ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧುವೆಂದು 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಂ ಹೇಳುತ್ತದೆ; ಹೀಗಾಗಿ ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದೆಂಬ ಷರತ್ತು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಇಷ್ಟು ವರ್ಷ ದುಡಿಯಲೇಬೇಕು, ಇಲ್ಲವಾದರೆ ಇಷ್ಟು ಹಣ ಕಟ್ಟಬೇಕು ಎಂಬ ಬಾಂಡ್ ಬೇರೆಯದು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಸುವ ಮುನ್ನ ಬೇರೊಂದು ಬ್ಯಾಂಕಿಗೆ ಹೋಗಿ, ಬಾಂಡಿನ 2 ಲಕ್ಷ ರೂಪಾಯಿಯನ್ನು ಕಟ್ಟಬೇಕಾಗಿ ಬಂದುದನ್ನು ಪ್ರಶ್ನಿಸಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತ್ತು. ಸರ್ವೋಚ್ಚ ನ್ಯಾಯಾಲಯ 2025ರ ಮೇ 14ರಂದು ಆ ತೀರ್ಪನ್ನು ತಳ್ಳಿಹಾಕಿ, ಈ ಷರತ್ತು ಕೆಲಸದಲ್ಲಿರುವ ಅವಧಿಗಷ್ಟೇ ಸಂಬಂಧಿಸಿದ್ದು, ಮುಂದಿನ ಉದ್ಯೋಗವನ್ನು ತಡೆಯುವಂಥದ್ದಲ್ಲ ಎಂದು ಎತ್ತಿಹಿಡಿಯಿತು. ಬಾಂಡಿಗೆ ಸಹಿ ಹಾಕುವಾಗಲೇ ಅದನ್ನು ಓದಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ನೋಟಿಸ್ ಅವಧಿ ಐಟಿ ಕಂಪನಿಗಳಲ್ಲಿ ಬಹುಮಟ್ಟಿಗೆ 90 ದಿನ. ಹೊಸ ಕಂಪನಿ ಅಷ್ಟು ಕಾಯದೆ ಹೋದರೆ ಉಳಿದ ದಿನಗಳ ಸಂಬಳ ಕಟ್ಟಿಕೊಟ್ಟು ಬಿಡುಗಡೆ ಪಡೆಯುವ ಏರ್ಪಾಡಿದೆ, ಅದನ್ನು ಒಪ್ಪುವುದು ಬಿಡುವುದು ಹಳೆಯ ಕಂಪನಿಯ ಕೈಯಲ್ಲಿರುತ್ತದೆ. ಸಹಿಯಾದ ಆಫರ್ ಲೆಟರ್ ಕೈಗೆ ಬರುವವರೆಗೆ, ಬರೀ ಫೋನಿನ ಮಾತನ್ನು ನಂಬಿ ರಾಜೀನಾಮೆ ಕೊಡಬಾರದು. ರಿಲೀವಿಂಗ್ ಲೆಟರ್, ಅಂದರೆ ಯಾವ ಬಾಕಿಯೂ ಇಲ್ಲದೆ ಬಿಡುಗಡೆಯಾಯಿತೆಂಬ ಪತ್ರವನ್ನು, ಸಿಟ್ಟಿನಲ್ಲಿ ಹೊರಟವರೂ ಪಡೆದುಕೊಂಡೇ ಹೋಗಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ಕಂಪನಿಯೂ ಅದನ್ನು ಕೇಳುತ್ತದೆ. ರಾಜೀನಾಮೆ ಕೊಟ್ಟು ಹೋಗುವವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂದು ಹೊಸ ವೇತನ ಸಂಹಿತೆಯೂ, ಅರ್ಹತೆಯಿದ್ದರೆ ಗ್ರಾಚ್ಯುಯಿಟಿಯನ್ನು 30 ದಿನದೊಳಗೆ ಕೊಡಬೇಕೆಂದು ಆ ಹಣಕ್ಕೆ ಸಂಬಂಧಿಸಿದ ಕಾನೂನೂ ವಿಧಿಸಿವೆ. ತಡವಾದರೆ ಲಿಖಿತವಾಗಿ ಕೇಳಿ, ಆಗಲೂ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಸಲ್ಲಿಸಬಹುದು.